ಮದುವೆಯಾದ ಮೇಲೆ ಹುಟ್ಟಿದ್ದು

ಕೋರ್ಟಿನ ಜಗಲಿಯಲ್ಲಿ ನೆರಳಿದ್ದ ಕಡೆಯೆಲ್ಲ ಜನ ಕೂತಿದ್ದರು. ಪರಮಶಿವಪ್ಪ ಮಾತ್ರ ನಿಂತೇ ಇದ್ದ. ಕೂತರೆ ಪಂಚೆ ಮಣ್ಣಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಆದರೆ ಕೂತವರಲ್ಲಿ ಅರ್ಧಕ್ಕರ್ಧ ಮಂದಿ ತನ್ನ ಬಟ್ಟೆ ಅಂಗಡಿಗೆ ಬರುವವರು, ತನ್ನ ಕೈಯಿಂದ ಗಜದ ಕಡ್ಡಿಯಲ್ಲಿ ಅಳೆಸಿಕೊಂಡ ಬಟ್ಟೆಯನ್ನೇ ಮೈಮೇಲೆ ತೊಟ್ಟವರು, ಅವರ ಸಮಕ್ಕೆ ನೆಲದ ಮೇಲೆ ಕೂರಲಾರದೆ ನಿಂತಿದ್ದೇನೆ ಎನ್ನುವುದು ಅವನಿಗೆ ಗೊತ್ತಿತ್ತು. "ಏನ್ರೀ ಸಾವ್ಕಾರ್ರೆ, ಈ ಕಡೆ ಬಂದ್ಬಿಟ್ರಿ?" ಎಂದು ಒಬ್ಬ ಕೇಳಿದ. ಶಿಕಾರಿಪುರದ ಪೇಟೆಯಲ್ಲಿ ಕೂಸಿಗೂ ಗೊತ್ತಿದ್ದ ವಿಷಯವನ್ನು ಏನೂ ಗೊತ್ತಿಲ್ಲದವನಂತೆ ಕೇಳಿದ ಅವನ ಮುಖವನ್ನು ನೋಡಿ ಪರಮಶಿವಪ್ಪ, "ಹಿಂಗೇ, ಸ್ವಲ್ಪ ಕೆಲಸ ಇತ್ತು" ಎಂದ. ಇನ್ನೊಬ್ಬ ಮುದುಕ ಏನೂ ಕೇಳದೆ ಪಕ್ಕಕ್ಕೆ ಸರಿದು, ತನ್ನ ಟವಲಿನಿಂದ ಕಲ್ಲುಚಪ್ಪಡಿ ಝಾಡಿಸಿ, ಬನ್ನಿ ಎಂದು ಕಣ್ಣಲ್ಲೇ ಕರೆದ. ಆ ಕೇಳಿದವನಿಗಿಂತ ಈ ಕರೆದವನೇ ಪರಮಶಿವಪ್ಪನಿಗೆ ಹೆಚ್ಚು ಅಸಹನೀಯನಾದ.

ಅವನ ವಕೀಲ ಶಾಂತವೀರಪ್ಪ ಬಂದು ತೋಳು ಹಿಡಿದು ಹೊಂಗೆಮರದ ಕೆಳಗೆ ಕರೆದುಕೊಂಡು ಹೋದರು. "ನೋಡಿ, ಇನ್ನೊಂದ್ಸಲ ಹೇಳ್ತೀನಿ, ಗಟ್ಟಿ ಮಾಡ್ಕೊಳ್ಳಿ. ಮದುವೆ ಊರ್ಜಿತದಲ್ಲಿದ್ದಾಗ ಹುಟ್ಟಿದ ಮಗು ಗಂಡಂದೇ ಅಂತ ಕಾನೂನು ಹಿಡಿದುಬಿಡ್ತದೆ. ಊರು ಏನನ್ನುತ್ತೆ ಅನ್ನೋದು ಅದಕ್ಕೆ ಬೇಡ, ಮಗುವಿನ ಮುಖ ಯಾರ ಹಂಗೈತೆ ಅನ್ನೋದೂ ಬೇಡ. ಗಂಡ ಹೆಂಡತಿ ಒಬ್ಬರಿಗೊಬ್ಬರು ಸಿಗೋದಕ್ಕೇ ಸಾಧ್ಯ ಇರ್ಲಿಲ್ಲ ಅಂತ ನಾವು ತೋರಿಸಿದ್ರೆ ಮಾತ್ರ ಬಿಡ್ತದೆ. ಆ ಮಳೆಗಾಲ ಪೂರ್ತಿ ನೀವು ದಾವಣಗೆರೆಯಾಗೇ ಇದ್ರಿ. ಅಷ್ಟು ಹೇಳಿ ಕೆಳಗಿಳಿದುಬಿಡಿ. ಅಲ್ಲಿನ ಮಂಡಿಯವರು ಹೌದು ಅಂತ ಸಾಕ್ಷಿ ಹೇಳ್ತಾರೆ, ಮಾತಾಡಿದೀನಿ." ಪರಮಶಿವಪ್ಪ ತಲೆಯಾಡಿಸಿದ. ದಾವಣಗೆರೆಗೆ ಆ ವರ್ಷ ಅವನು ಜವಳಿ ತರಲು ಹೋಗಿದ್ದು ಹೌದು, ಹೋದ ಮಾರನೆಯ ದಿನವೇ ಗಂಟಿನ ಜೊತೆ ಬಸ್ಸು ಹತ್ತಿದ್ದೂ ಹೌದು. ಸಾಧ್ಯವಿರಲಿಲ್ಲ ಎಂಬ ಮಾತು ಮಾತ್ರ ಅವನ ಕಿವಿಯಲ್ಲಿ ನಿಂತಿತು. ಒಂದು ಸಲ, ಇದೇ ವಕೀಲರ ಮನೆಯ ಪಡಸಾಲೆಯಲ್ಲಿ, ಅವರು ಕೊಟ್ಟ ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಸಾಧ್ಯ ಇಲ್ಲದ್ದಕ್ಕೆ ಬೇರೆ ಏನಾದರೂ ಕಾರಣ ಇದ್ದರೆ ಎಂದು ಅವನು ಕೇಳಿದ್ದ. ಶಾಂತವೀರಪ್ಪ ಕನ್ನಡಕದ ಮೇಲಿನಿಂದ ನೋಡಿ, "ಗಂಡಸ್ತನ ಇಲ್ಲ ಅಂತ ಹೇಳೋದು ಒಂದೈತೆ. ಅದನ್ನ ಕೋರ್ಟಿನಾಗೆ ನಿಂತು ಯಾವ ಗಂಡಸು ಹೇಳ್ತಾನ್ರೀ?" ಎಂದು ಹೊಟ್ಟೆ ಕುಲುಕಿಸಿ ನಕ್ಕಿದ್ದರು. ಅವನೂ ನಕ್ಕಿದ್ದ. ಅವರಿಗಿಂತ ಸ್ವಲ್ಪ ಜೋರಾಗಿಯೇ ನಕ್ಕಿದ್ದ. ಆ ನಗು ಇವತ್ತಿಗೂ ಗಂಟಲಿನಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿದೆ ಎಂದುಕೊಂಡವನಿಗೆ, ಮೀನನ್ನೇ ತಿನ್ನದ ತನಗೆ ಆ ಮುಳ್ಳಿನ ನೋವು ಹೇಗೆ ಗೊತ್ತು ಎಂದು ಯೋಚನೆಯಾಗಿ, ಗೊತ್ತಿಲ್ಲದ್ದನ್ನೆಲ್ಲ ಗೊತ್ತಿದ್ದವನ ಹಾಗೆ ನಟಿಸುವುದೇ ತನ್ನ ಬಾಳಾಗಿ ಹೋಯಿತು ಎನ್ನಿಸಿತು.

ಬಳ್ಳಿಗಾವಿಯ ಕಡೆಯ ಪಂಡಿತನೊಬ್ಬ ಕೊಟ್ಟ ಪುಡಿಯನ್ನು ಹಾಲು ಜೇನಿನಲ್ಲಿ ಕಲಸಿ ಕುಡಿಯಬೇಕಿತ್ತು. ಮದುವೆಯಾಗಿ ವರ್ಷ ತುಂಬಿತ್ತು ಆಗ. ಕುಡಿಯುವ ಕ್ರಮವನ್ನು ಮೇಲೆ ಬರೆದಿದ್ದ ಆ ಪುಡಿಯ ಪೊಟ್ಟಣವನ್ನು ಅವನು ಪೆಟ್ಟಿಗೆಯಲ್ಲಿ ಅಂಗಿಗಳ ಕೆಳಗೆ ಇಟ್ಟಿದ್ದ. ಹೆಂಡತಿ ಸರ್ವಮಂಗಳ ಒಗೆದ ಬಟ್ಟೆ ಮಡಿಚಿಡುವಾಗ ಅದು ಅವಳ ಕೈಗೆ ಸಿಕ್ಕಿರಬೇಕು. ಅವಳು ಏನೂ ಕೇಳಲಿಲ್ಲ. ಅಂದಿನಿಂದ ಸಂಜೆ ದೀಪ ಹಚ್ಚಿದ ಮೇಲೆ ಹಾಲು ಬಿಸಿಮಾಡಿ, ಪಕ್ಕದಲ್ಲಿ ಜೇನಿನ ಬಟ್ಟಲನ್ನೂ ಚಮಚವನ್ನೂ ಇಟ್ಟು, ಅತ್ತೆ ನೋಡದ ಹಾಗೆ ಸೆರಗು ಮುಚ್ಚಿಕೊಂಡು ತಂದು ಕಿಟಕಿಯ ದಂಡೆಯ ಮೇಲಿಟ್ಟು ಹೊರಗೆ ಹೋಗುತ್ತಿದ್ದಳು. ಅವಳು ಬೈದಿದ್ದರೆ, ಅತ್ತಿದ್ದರೆ, ತವರಿಗೆ ಹೋಗಿ ಬಾಯಿಬಿಟ್ಟಿದ್ದರೆ ಅವನಿಗೆ ಅವಳನ್ನು ದ್ವೇಷಿಸುವ ದಾರಿಯಾದರೂ ಸಿಗುತ್ತಿತ್ತು. ಆ ಹಾಲನ್ನು ಅವನು ಎಷ್ಟೋ ಸಲ ಕಿಟಕಿಯಿಂದ ಆಚೆ ಚೆಲ್ಲಿದ್ದ. ಅದು ಅವಳಿಗೂ ಗೊತ್ತಿತ್ತು. ಮಾರನೆಯ ದಿನ ಮತ್ತೆ ಬಿಸಿಮಾಡಿ ತರುತ್ತಿದ್ದಳು. ಹಾಗೇ ನಾಲ್ಕೈದು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ಹಿತ್ತಿಲ ಬಾವಿಕಟ್ಟೆಯ ಹತ್ತಿರ ಬಗ್ಗಿ ವಾಂತಿ ಮಾಡಿಕೊಳ್ಳುವುದನ್ನು ಅವ್ವ ನೋಡಿ, ಸಂತೋಷ ತಡೆಯಲಾರದೆ ಅಂಗಡಿಗೇ ಓಡಿ ಬಂದಿದ್ದಳು. ಗಿರಾಕಿಗಳ ಎದುರಿಗೇ, "ಮಗಾ, ಬಾಯಿ ಸಿಹಿ ಮಾಡೋ" ಎಂದಿದ್ದಳು. ಅವನು ಎಲ್ಲರ ಬಾಯಿ ಸಿಹಿ ಮಾಡಿದ್ದ. ಬಾಣಂತನಕ್ಕೆ ಸೊರಬದ ಕಡೆಯ ತವರಿಗೆ ಹೋದವಳನ್ನು ಮತ್ತೆ ಕರೆಯಲು ಮಾತ್ರ ಅವನು ಹೋಗಲಿಲ್ಲ. ಯಾಕೆ ಎಂದು ಅವ್ವ ಕೇಳಿದಾಗ ಸುಮ್ಮನಿದ್ದ. ಅವನು ಸುಮ್ಮನಿದ್ದುದಕ್ಕೆ ಊರು ತಾನೇ ಅರ್ಥ ಹಚ್ಚಿತು. ಪಂಚಮಿಗೆ ತವರಿಗೆ ಹೋಗಿದ್ದಳಲ್ಲ ಎಂದು ಒಬ್ಬರು ಅಂದರು, ಇನ್ನೊಬ್ಬರು ಅದಕ್ಕೊಂದು ಬಾಲ ಸೇರಿಸಿದರು. ಕಡೆಗೆ ಅವ್ವನೇ ಆ ಮಗುವಿಗೆ ಬಾಯಲ್ಲಿ ಆಡಬಾರದ ಹೆಸರಿಟ್ಟಳು. ಈಗ ಅವಳು ಬಳ್ಳಿಗಾವಿಯಲ್ಲಿ ಒಂದು ಹುಡುಗಿಯನ್ನು ನೋಡಿಟ್ಟಿದ್ದಳು. ಕೋರ್ಟು ಇದೊಂದು ತೀರ್ಮಾನ ಕೊಡಲಿ, ಆಮೇಲೆ ಇವಳನ್ನು ಬಿಡಿಸಿ ಅವಳನ್ನು ತರೋಣ ಎನ್ನುತ್ತಿದ್ದಳು. ಆ ಹುಡುಗಿಯನ್ನು ಅವನು ನೋಡಿರಲಿಲ್ಲ. ನಾಳೆ ಹಾಲಿನ ಲೋಟ ಹಿಡಿದು ಬರುವ ಆ ಹುಡುಗಿಯ ಕೈ ಮಾತ್ರ ಆಗಾಗ ಕಣ್ಣಿಗೆ ಕಟ್ಟುತ್ತಿತ್ತು.

ಒಳಗೆ ಮೊದಲು ಸರ್ವಮಂಗಳಳನ್ನು ಕರೆದರು. ಎರಡು ವರ್ಷದ ಮೇಲೆ ನೋಡುತ್ತಿದ್ದ. ಕೊಂಚ ಕಪ್ಪಾಗಿದ್ದಳು, ಮೈ ತುಂಬಿಕೊಂಡಿತ್ತು. ಜೀವನಾಂಶಕ್ಕೆ ಅರ್ಜಿ ಹಾಕಿಸಿದವನು ಅವಳ ಅಣ್ಣ ಬೆನಕಪ್ಪ. ಬಾಗಿಲ ಬಳಿ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಪರಮಶಿವಪ್ಪನನ್ನೇ ದುರುಗುಟ್ಟಿ ನೋಡುತ್ತಿದ್ದ. ಶಾಂತವೀರಪ್ಪ ಎದ್ದು ನಿಂತು, ದನಿಯನ್ನು ಎಲ್ಲರಿಗೂ ಕೇಳುವಷ್ಟು ಎತ್ತಿ, "ಈ ಮಗು ನಿಮ್ಮ ಗಂಡನಿಗೇ ಹುಟ್ಟಿದ್ದಾ?" ಎಂದು ಕೇಳಿದರು. ಅವಳು ತಲೆ ತಗ್ಗಿಸಲಿಲ್ಲ. ಸ್ವಲ್ಪ ಹೊತ್ತು ಮೇಜಿನ ಮೇಲಿದ್ದ ಮಸಿಕುಡಿಕೆಯನ್ನು ನೋಡಿ, "ಮದುವೆಯಾದ ಮೇಲೆ ಹುಟ್ಟಿದ್ದು" ಎಂದಳು. "ನಾನು ಕೇಳಿದ್ದು ಅದಲ್ಲ" ಎಂದು ಶಾಂತವೀರಪ್ಪ ರೇಗಿದರು. ಮ್ಯಾಜಿಸ್ಟ್ರೇಟರು ಕೈಯೆತ್ತಿ, "ಸಾಕು ಬಿಡಿ, ಕಾನೂನಿಗೆ ಬೇಕಾದ್ದೇ ಹೇಳಿದಾರೆ" ಎಂದು ಬರೆದುಕೊಂಡರು. ಅವಳು ಸುಳ್ಳು ಹೇಳಿರಲಿಲ್ಲ. ಇಷ್ಟು ಜನರ ಎದುರಿಗೆ, ಹೇಳಬಹುದಾಗಿದ್ದ ಆ ಒಂದು ಮಾತನ್ನು ಹೇಳಿ ತನ್ನನ್ನು ಬೆತ್ತಲೆ ನಿಲ್ಲಿಸದೆ, ಅವಳು ಸತ್ಯವನ್ನೇ ಎಲ್ಲೋ ಪಕ್ಕಕ್ಕೆ ಕರೆದೊಯ್ದು ಹೇಳಿದಳು ಎಂದು ಪರಮಶಿವಪ್ಪನಿಗೆ ಅನ್ನಿಸಿತು. ಹಾಗಾಗಿ ಅವನ ಸರದಿ ಬಂದು ಕಟಕಟೆಯಲ್ಲಿ ನಿಂತು ಪ್ರಮಾಣ ಮಾಡಿ, ಆ ಮಳೆಗಾಲದಲ್ಲಿ ನೀವು ಎಲ್ಲಿದ್ದಿರಿ ಎಂದು ಅವನ ವಕೀಲರೇ ಹಾಡಿನ ಹಾಗೆ ಕೇಳಿದಾಗ, ಬಾಯಿಪಾಠ ಮಾಡಿದ್ದ ದಾವಣಗೆರೆ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. "ಮನೇಲೇ ಇದ್ದೆ" ಎಂದ.

"ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ" ಎಂದರು ಶಾಂತವೀರಪ್ಪ. ಅವರ ಕುತ್ತಿಗೆ ಕೆಂಪಾಗಿತ್ತು. "ನೆನಪೈತ್ರಿ. ಮನೇಲೇ ಇದ್ದೆ." "ನಿಮ್ಮ ಹೆಂಡತಿ?" ಎಂದು ಈ ಸಲ ಮ್ಯಾಜಿಸ್ಟ್ರೇಟರೇ ಕೇಳಿದರು. "ಪಂಚಮಿಗೆ ತವರಿಗೆ ಹೋಗಿದ್ಲು. ಉಳಿದಂಗೆ ಅವಳೂ ಮನೇಲೇ ಇದ್ಲು." "ಒಂದೇ ಮನೆಯಲ್ಲಿ?" "ಒಂದೇ ಮನೇಲಿ." ಅದಕ್ಕಿಂತ ಮುಂದೆ ಯಾರೂ ಕೇಳಲಿಲ್ಲ. ಒಂದೇ ಸೂರಿನ ಕೆಳಗೆ ಗಂಡ ಹೆಂಡತಿ ಇದ್ದರು ಎಂದ ಮೇಲೆ ಕಾನೂನು ಕದ ಮುಚ್ಚಿಕೊಂಡು ಹೊರಗೇ ನಿಲ್ಲುವಷ್ಟು ಮರ್ಯಾದಸ್ಥ ಎಂದು ಅವನಿಗೆ ಆಗ ತಿಳಿಯಿತು. ತಾನು ಆಡಿದ್ದು ಒಂದೊಂದೂ ನಿಜ, ಅವಳು ಆಡಿದ್ದೂ ನಿಜ. ಆ ನಿಜಗಳೆಲ್ಲ ಕೂಡಿ ಅವನನ್ನು ತಂದೆ ಮಾಡಿದವು. ಮುಂದಿನ ವಾಯಿದೆಗೆ ತೀರ್ಪಾಯಿತು: ಮಗು ಪರಮಶಿವಪ್ಪನದು, ತಿಂಗಳು ತಿಂಗಳೂ ಅದರ ಹೊಟ್ಟೆಬಟ್ಟೆಗೆ ಕೊಡತಕ್ಕದ್ದು. ಶಾಂತವೀರಪ್ಪ ಮುಖ ತಿರುಗಿಸಿಕೊಂಡು ಹೋದರು. ಪರಮಶಿವಪ್ಪ ಬಿಸಿಲಿನಲ್ಲಿ ಪೇಟೆಬೀದಿಯ ನಡುವೆ ನಡೆದು ಮನೆಗೆ ಬರುವಾಗ ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ಬೆನ್ನು ನೆಟ್ಟಗೆ ಮಾಡಿಕೊಂಡಿದ್ದ. ಒಬ್ಬ ಹೆಂಗಸಿನ ಮಾನ ಉಳಿಸಿದೆ, ಒಂದು ಕೂಸಿಗೆ ಹೆಸರು ಕೊಟ್ಟೆ, ನೋಡದ ಒಬ್ಬ ಹುಡುಗಿಯನ್ನು ಈ ಮನೆಗೆ ಬರದಂತೆ ಕಾಪಾಡಿದೆ ಎಂದು ಹೆಜ್ಜೆಗೊಂದರಂತೆ ಎಣಿಸಿಕೊಂಡ. ತನ್ನ ಗುಟ್ಟೂ ಉಳಿಯಿತು ಎಂಬುದನ್ನು ಆ ಎಣಿಕೆಯಲ್ಲಿ ಸೇರಿಸಲಿಲ್ಲ.

ಅವ್ವ ಬಸವಣ್ಣೆಮ್ಮ ಗೋಳಾಡುತ್ತಾಳೆ ಎಂದು ಅವನು ತಿಳಿದಿದ್ದ. ಅವಳು ಗೋಡೆಗೆ ಒರಗಿ ಕೂತು ಬಹಳ ಹೊತ್ತು ಯೋಚನೆ ಮಾಡಿದಳು. "ಪ್ರಮಾಣ ಮಾಡಿ ಹೇಳ್ದೇನು?" ಎಂದು ಕೇಳಿದಳು. "ಹೂಂ." "ದೇವರ ಮ್ಯಾಗೆ?" "ಹೂಂ ಅವ್ವ." ಕಣ್ಣೊರೆಸಿಕೊಂಡು, "ಹಂಗಾದ್ರೆ ನಮ್ಮ ಕೂಸು ಅಲ್ಲಿ ಯಾಕಿರಬೇಕು?" ಎಂದಳು. ತಾನು ಆಡಿದ ಮಾತುಗಳಿಗೆಲ್ಲ ಕೆನ್ನೆ ಬಡಿದುಕೊಂಡಳು. ಎರಡು ವರ್ಷ ಮೊಮ್ಮಗಳ ಮುಖ ನೋಡದೆ ಕಳೆದೆನಲ್ಲ, ನೀನಾದರೂ ಬಾಯಿಬಿಟ್ಟು ನನ್ನದೇ ಅಂತ ಒಂದು ಮಾತು ಹೇಳಬಾರದಿತ್ತೇನೋ ಎಂದು ಅವನನ್ನೇ ಬೈದಳು. ಮಾರನೆಯ ದಿನವೇ ಅಂಗಡಿಗೆ ಬಂದು ಚೀಟಿಬಟ್ಟೆಯ ಥಾನುಗಳನ್ನೆಲ್ಲ ಕೆಳಗಿಳಿಸಿ, ಸಣ್ಣ ಹೂವಿನದೊಂದನ್ನು ಆರಿಸಿ, ಲಂಗಕ್ಕೆ ಎಂದು ಹರಿಸಿಕೊಂಡಳು. ಮುಂದಿನ ಸೋಮವಾರ ಅವನು ಅವಳ ಪಕ್ಕದಲ್ಲಿ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಬಸ್ಸಿನಲ್ಲಿ ಕೂತಿದ್ದ. ಬರುವುದಿಲ್ಲ ಎನ್ನಲು ಯಾವ ಕಾರಣವೂ ಉಳಿದಿರಲಿಲ್ಲ. ಅವ್ವ ಮಡಿಲಲ್ಲಿ ಉಂಡೆಯ ಡಬ್ಬಿ ಹಿಡಿದುಕೊಂಡು, ಪಕ್ಕದ ಸೀಟಿನವಳಿಗೆ, "ಮೊಮ್ಮಗಳ್ನ ನೋಡಾಕೆ ಹೊಂಟೀವಿ" ಎಂದು ಹೇಳುತ್ತಿದ್ದಳು.

ಗುಡವಿಯ ಕೆರೆಯಾಚೆ ಬೆನಕಪ್ಪನ ಮನೆ. ಕೋರ್ಟಿನಲ್ಲಿ ದುರುಗುಟ್ಟಿ ನೋಡಿದ್ದ ಮನುಷ್ಯ ಈಗ ಅವರನ್ನು ಕಂಡು ಕಣ್ಣು ತಗ್ಗಿಸಿದ. "ಬನ್ನಿ ಭಾವ" ಎಂದು ಜಗಲಿಗೆ ಕಂಬಳಿ ಹಾಸಿ, ಕಾಲಿಗೆ ನೀರು ತಂದಿಟ್ಟು, ಗೆದ್ದವನಂತಿರದೆ ಸಿಕ್ಕಿಬಿದ್ದವನ ಹಾಗೆ ಕಂಬದ ಹಿಂದೆ ನಿಂತುಕೊಂಡ. ಸರ್ವಮಂಗಳ ಮಗುವನ್ನು ತಂದು ಅತ್ತೆಯ ಮುಂದೆ ಬಿಟ್ಟಳು. ಅವಳ ಎಡಗೆನ್ನೆಯ ಮೇಲೆ ಹಳದಿಗಟ್ಟಿದ ಒಂದು ಗಾಯದ ಗುರುತಿತ್ತು. ಅವ್ವ ಅದನ್ನು ನೋಡಲಿಲ್ಲ. ಮಗುವಿನ ಹೆಸರು ಬಸಕ್ಕ ಎಂದು ಕೇಳಿದ್ದೇ ತಡ, "ನನ್ನ ಹೆಸರೇ ಇಟ್ಟೀರಾ!" ಎಂದು ಅದನ್ನು ಬಾಚಿ ತಬ್ಬಿಕೊಂಡು ಅಳತೊಡಗಿದಳು. ಅದು ಬೆನಕಪ್ಪನ ಸತ್ತುಹೋದ ತಾಯಿಯ ಹೆಸರು. ಯಾರೂ ಹಾಗೆಂದು ಹೇಳಲಿಲ್ಲ. ಪರಮಶಿವಪ್ಪನಿಗೆ ಅಲ್ಲಿ ಕೂರಲಾಗಲಿಲ್ಲ. ಕೆರೆ ನೋಡಿಕೊಂಡು ಬರುತ್ತೇನೆ ಎಂದು ಎದ್ದ. ಅರ್ಧ ದಾರಿಗೆ ಹೋಗುವಷ್ಟರಲ್ಲಿ ಹಿಂದಿನಿಂದ ಹೆಜ್ಜೆ ಸಪ್ಪಳ ಕೇಳಿಸಿತು. ಸರ್ವಮಂಗಳ ಕೊಡ ಹಿಡಿದುಕೊಂಡು ಬರುತ್ತಿದ್ದಳು.

ಏರಿಯ ಮೇಲೆ ನಿಂತರು. ಕೆರೆಯ ನಡುವಿನ ಮರಗಳ ತುಂಬ ಬಿಳಿಯ ಹಕ್ಕಿಗಳು ಗೂಡು ಕಟ್ಟಿಕೊಂಡು ಗದ್ದಲ ಮಾಡುತ್ತಿದ್ದವು. ಹಿಕ್ಕೆಯ ವಾಸನೆ ಗಾಳಿಯಲ್ಲಿ ಬರುತ್ತಿತ್ತು. ಅವಳು ಕೃತಜ್ಞತೆಯ ಮಾತಾಡುತ್ತಾಳೆ ಎಂದು ಅವನು ಅಂದುಕೊಂಡಿದ್ದ. ಅದಕ್ಕೆ, ಇರಲಿ ಬಿಡು ಎಂದು ಉತ್ತರವನ್ನೂ ಸಿದ್ಧಮಾಡಿಕೊಂಡಿದ್ದ. ಅವಳು ಕೊಡವನ್ನು ಕೆಳಗಿಟ್ಟು, "ದಾವಣಗೆರೆಯಲ್ಲಿದ್ದೆ ಅಂತ ಯಾಕೆ ಹೇಳ್ಲಿಲ್ಲ ನೀವು?" ಎಂದು ಕೇಳಿದಳು.

ಅವನಿಗೆ ಅರ್ಥವಾಗಲಿಲ್ಲ. "ಹೇಳಿದ್ರೆ ನಿನ್ನ ಮಾನ..."

"ನನ್ನ ಮಾನ ನಾನು ನೋಡ್ಕೊಳ್ತಿದ್ದೆ. ನೀವು ಹಾಗೆ ಹೇಳ್ತೀರಿ, ನನ್ನನ್ನ ಬಿಟ್ಟುಬಿಡ್ತೀರಿ, ಅಲ್ಲಿಗೆ ಮುಗೀತದೆ ಅಂತ ನಾನು ಕಾಯ್ತಾ ಇದ್ದೆ. ಅರ್ಜಿ ಹಾಕ್ಸಿದ್ದು ಅಣ್ಣ. ಅವನಿಗೆ ಏನೂ ಗೊತ್ತಿರ್ಲಿಲ್ಲ. ತೀರ್ಪಾಗಿ ಬಂದ ದಿನ ಮಗು ನಿಮ್ಮದಲ್ಲ ಅಂತ ನಾನೇ ಹೇಳ್ದೆ. ಹೊಡ್ದ." ಅವಳು ಕೆನ್ನೆ ಮುಟ್ಟಿಕೊಳ್ಳಲಿಲ್ಲ. "ಈ ಊರಲ್ಲಿ ಒಬ್ಬರಿದಾರೆ. ಹೆಂಡತಿ ತೀರಿಕೊಂಡವರು. ಎರಡನೇ ಮದುವೆಯಾಗಿ, ಉಡಿಕೆ ಮಾಡ್ಕೊಂಡು ನನ್ನನ್ನೂ ಮಗುವನ್ನೂ ಕರ್ಕೊಂಡು ಹೋಗ್ತೀನಿ ಅಂತಾರೆ. ಆದ್ರೆ ಈಗ ಹೊಸ ಕಾನೂನಂತೆ, ಇರೋ ಮದುವೆ ಕೋರ್ಟಲ್ಲಿ ಹರೀದೆ ಇನ್ನೊಂದು ಆಗೋದಿಲ್ಲವಂತೆ. ನೀವು ಮನೇಲೇ ಇದ್ದೆ ಅಂದ್ರಿ. ನಾನೂ ನಿಮ್ಮವಳಾಗಿ ಉಳಿದೆ, ಮಗುವೂ ನಿಮ್ಮದಾಯ್ತು."

"ಅವರು ಯಾರು ಅಂತ..."

"ಕೇಳ್ತೀರಾ?"

"ಇಲ್ಲ" ಎಂದ ಅವನು. ಕೋರ್ಟಿನವರೇ ಕೇಳಲಿಲ್ಲ ಎಂದು ಸೇರಿಸಬೇಕೆನ್ನಿಸಿ ಸುಮ್ಮನಾದ. ನೀನೂ ಅವತ್ತು ಎಲ್ಲ ಬಿಚ್ಚಿ ಹೇಳಬಹುದಿತ್ತಲ್ಲ, ಯಾಕೆ ಹೇಳಲಿಲ್ಲ ಎಂದು ಬೇಕಿದ್ದರೆ ಕೇಳಬಹುದಾಗಿತ್ತು. ಅವನು ಕೇಳುವ ಮೊದಲೇ ಅವಳು, "ಅದು ನಿಮ್ಮ ಬಾಯಿಂದ ಬರಬೇಕಾದ ಮಾತು. ನಾನು ಹೇಗೆ ಹೇಳ್ಲಿ?" ಎಂದಳು. ಈಗ ದನಿ ತಗ್ಗಿತ್ತು. "ಗಂಡ ಹೆಂಡಿರ ನಡುವೆ ಏನೂ ನಡೀಲೇ ಇಲ್ಲ, ಗಂಡನ ಕೈಲಿ ಆಗ್ಲಿಲ್ಲ ಅಂತಾದ್ರೆ ಆ ಮದುವೆಯನ್ನೇ ರದ್ದು ಮಾಡ್ತಾರಂತೆ. ಅಣ್ಣನ ವಕೀಲರು ಹೇಳಿದ್ರು. ಯಾರ ವಿಷಯ ಅಂತ ಅವರಿಗೆ ಹೇಳ್ಲಿಲ್ಲ, ಸುಮ್ನೆ ಕೇಳಿದ್ದು. ಆದ್ರೂ ಮಗು ನಿಮ್ಮ ಹೆಸರಲ್ಲೇ ಉಳೀತದಂತೆ, ಅದು ಹೇಗೋ ನನಗೆ ತಿಳೀಲಿಲ್ಲ. ನೀವು ಕೊಡೋದೇನೂ ನನಗೆ ಬೇಡ. ನನ್ನನ್ನ ಬಿಟ್ಟುಕೊಡಿ, ಸಾಕು." ಇಷ್ಟು ವರ್ಷ ಸಂಸಾರ ಮಾಡಿದ ಅವರಿಬ್ಬರ ನಡುವೆ ಆ ವಿಷಯ ಬಾಯಿಮಾತಾಗಿ ಬಂದದ್ದು ಇದೇ ಮೊದಲು. ಆಕಾಶ ಕಳಚಿ ಬೀಳಲಿಲ್ಲ. ಹಕ್ಕಿಗಳು ಕೂಗುತ್ತಲೇ ಇದ್ದವು. ಅವನಿಗೆ ಬಂದದ್ದು ಅವಮಾನವಲ್ಲ, ದಣಿವು. ದೂರದ ಊರಿಂದ ಹೊರೆ ಹೊತ್ತು ಬಂದವನಿಗೆ, ಇದು ನಿನ್ನದಲ್ಲ, ಇದನ್ನು ಯಾರೂ ತರಹೇಳಿರಲಿಲ್ಲ ಎಂದರೆ ಬರುವಂಥ ದಣಿವು. ಕಟಕಟೆಯಲ್ಲಿ ನಿಂತು ತಾನು ಮಾಡಿದ್ದು ತ್ಯಾಗವಲ್ಲ, ಬಾಗಿಲು ಹಾಕಿಕೊಂಡದ್ದು, ಹಾಕಿಕೊಳ್ಳುವಾಗ ಒಳಗೆ ಇನ್ನಿಬ್ಬರು ಸಿಕ್ಕಿಕೊಂಡರು ಎಂದು ಅವನಿಗೆ ನಿಧಾನವಾಗಿ ತಿಳಿಯತೊಡಗಿತು. ಅವಳು ಕೊಡ ತುಂಬಿಕೊಂಡು ಸೊಂಟಕ್ಕೇರಿಸಿ ಮುಂದೆ ನಡೆದಳು. ಅವನು ಹಿಂದೆ ನಡೆದ.

ಜಗಲಿಯಲ್ಲಿ ಅವ್ವ ಮಗುವನ್ನು ಕಾಲ ಮೇಲೆ ಕೂರಿಸಿಕೊಂಡು ತಲೆಗೆ ಎಣ್ಣೆ ಒತ್ತುತ್ತಿದ್ದಳು. ಅವನನ್ನು ಕಂಡು, "ನೋಡೋ ಇಲ್ಲಿ, ನಿಮ್ಮಪ್ಪನ ಕಿವಿ. ಹೆಂಗೆ ಅಚ್ಚೊತ್ತಿದಂಗೈತೆ ನೋಡು" ಎಂದಳು. ಬೆನಕಪ್ಪ ಕಂಬದ ಹಿಂದೆ ಮುಖ ತಿರುಗಿಸಿದ. ಸರ್ವಮಂಗಳ ಬಾಗಿಲಲ್ಲಿ ಕೊಡದೊಂದಿಗೆ ನಿಂತುಬಿಟ್ಟಳು. ಪರಮಶಿವಪ್ಪ ಜಗಲಿಯ ಮೆಟ್ಟಿಲ ಮೇಲೆ ಕೂತ. ಅವ್ವನಿಗೆ ಒಂಟಿಯಾಗಿ, ಮನೆಗೆ ಹೋದ ಮೇಲೆ, ನಿಧಾನಕ್ಕೆ ಹೇಳಬಹುದು ಎಂದು ಮನಸ್ಸು ದಾರಿ ಹುಡುಕಿತು. ಹಾಗೆ ಹುಡುಕಿದ ದಾರಿಗಳಲ್ಲೇ ತನ್ನ ಇಷ್ಟು ವರ್ಷ ಕಳೆದದ್ದು ಎಂದು ನೆನಪಾಗಿ ಬಾಯಿ ತೆರೆದ.

"ಅವ್ವ, ಆ ಕೂಸು ನಂದಲ್ಲ."

ಎಣ್ಣೆ ಒತ್ತುತ್ತಿದ್ದ ಕೈ ನಿಂತಿತು. "ಏನಂದಿ?"

"ನಂದಲ್ಲ. ಯಾವ ಕೂಸೂ ನಂದಾಗಾಕೆ ಬರಂಗಿಲ್ಲ. ನನ್ನ ಕೈಲಿ ಆಗಾದಿಲ್ಲ ಅವ್ವ. ಮದುವೆ ಆದಾಗಿಂದ್ಲೂ. ಇವಳಿಗೆ ಗೊತ್ತಿತ್ತು, ಹೇಳ್ಲಿಲ್ಲ. ನಾನೂ ಹೇಳ್ಲಿಲ್ಲ." ಅಷ್ಟನ್ನೂ ಅವನು ಮೆಟ್ಟಿಲ ಕಲ್ಲನ್ನು ನೋಡುತ್ತ ಹೇಳಿದ. ತಲೆಯೆತ್ತಿ ಬೆನಕಪ್ಪನಿಗೆ, "ನಿಮ್ಮ ವಕೀಲರಿಗೆ ಹೇಳಿ ಅದೇನು ಅರ್ಜಿಯೋ ಹಾಕ್ಸಿ ಭಾವ. ನಾನು ಬಂದು ಹೇಳ್ತೀನಿ" ಎಂದ. ಇನ್ನೊಂದು ಸಲ ಕೋರ್ಟಿನ ಆ ಜಗಲಿ, ಆ ಗಿರಾಕಿಗಳು, ಆ ಕಟಕಟೆ, ಶಾಂತವೀರಪ್ಪನವರ ಮುಖ. ಎಲ್ಲ ಒಂದು ಸಲ ಕಣ್ಣ ಮುಂದೆ ಬಂದು ಹೋಯಿತು. ಬೆನಕಪ್ಪ ಏನೋ ಹೇಳಲು ಹೋಗಿ, ಹೂಂ ಎಂದಷ್ಟೇ ಅಂದು, ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡ. ಒಳಗೆ ಕೊಡ ಇಳಿಸಿದ ಸದ್ದಾಯಿತು.

ಅವ್ವ ಮಗನನ್ನು ನೋಡಿದಳು, ಬಾಗಿಲನ್ನು ನೋಡಿದಳು, ಕಾಲ ಮೇಲಿದ್ದ ಮಗುವಿನ ಎಣ್ಣೆ ಹಚ್ಚಿದ ತಲೆಯನ್ನು ನೋಡಿದಳು. ಅವಳ ಮುಖದಲ್ಲಿ ಏನೋ ಕುಸಿದು ಮತ್ತೆ ಗಟ್ಟಿಯಾಯಿತು. ಕೈ ಮೊದಲಿನಂತೆ ಆಡತೊಡಗಿತು, ಕೊಂಚ ಒರಟಾಗಿ. "ಅಷ್ಟು ದೊಡ್ಡ ಜಡ್ಜ್ ಸಾಹೇಬ್ರು ಕುಂತು ನಿಂದೇ ಅಂತ ಹೇಳ್ಯಾರೆ" ಎಂದಳು. "ಅಲ್ಲ ಅನ್ನಾಕೆ ನೀನ್ಯಾರು?"

ಅವ್ವ ಮಂಡಿ ಹಿಡಿದುಕೊಂಡು ಏಳಲು ನೋಡಿದಳು. ಕಾಲು ಜೋಮು ಹಿಡಿದಿತ್ತು. "ಹಿಡ್ಕೋ ಇದನ್ನ" ಎಂದು ಮಗುವನ್ನು ಎತ್ತಿ ಅವನ ತೊಡೆಯ ಮೇಲೆ ಇಟ್ಟು, ಯಾರ ಕಡೆಗೂ ನೋಡದೆ, ಗೋಡೆ ಹಿಡಿದುಕೊಂಡು ಬಚ್ಚಲ ಕಡೆಗೆ ಹೋದಳು. ಮಕ್ಕಳನ್ನು ಹೇಗೆ ಹಿಡಿಯಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಬೀಳದ ಹಾಗೆ ಎರಡೂ ಕೈ ಅಡ್ಡ ಇಟ್ಟ. ಮಗು ಒಂದು ಗಳಿಗೆ ಅವನ ಮುಖವನ್ನು ಗುರುತಿಲ್ಲದವರನ್ನು ನೋಡುವಂತೆ ನೋಡಿ, ತುಟಿ ಸೊಟ್ಟ ಮಾಡಿ, ಜಿಡ್ಡಿನ ಕೈಗಳಿಂದ ಅವನ ಎದೆಯನ್ನು ದೂಡುತ್ತ ಜೋರಾಗಿ ಅಳತೊಡಗಿತು. ಬೆನಕಪ್ಪ ಕದಲಲಿಲ್ಲ. ಸರ್ವಮಂಗಳಳೂ ಕೂಡಲೇ ಹೊರಗೆ ಬರಲಿಲ್ಲ. ಪರಮಶಿವಪ್ಪ ಮಗುವನ್ನು ಹಿಡಿದುಕೊಂಡು ಕೂತೇ ಇದ್ದ.